ಐತನ ಕೊಟ್ಟಿಗೆಯ ದೀಪ

ತುಳಸಿ ಎಲೆಯಲ್ಲಿ ನೀರು ಹಿಡಿದು ಗಂಡನ ತುಟಿಯತ್ತ ಬಗ್ಗಿದ ಬಾಗಿಯ ಕೈ ಅರ್ಧದಲ್ಲೇ ನಿಂತಿತು. ನೀರು ಐತನ ಗಲ್ಲಕ್ಕೆ ಬಿದ್ದು ಕಿವಿಯ ಕಡೆಗೆ ಇಳಿಯಿತು. ಅವಳ ಕಣ್ಣು ಹೆಣದ ಮೇಲಿರಲಿಲ್ಲ. ತೆರೆದ ಬಾಗಿಲಿನಾಚೆ, ಅಂಗಳದ ಮೂಲೆಯಲ್ಲಿ ಐತ ಬೆಸುಗೆ ಮಾಡುತ್ತಿದ್ದ ತೆಂಗಿನ ಮಡಲಿನ ಕೊಟ್ಟಿಗೆಯ ಮೇಲಿತ್ತು.

“ಬಾಯಿಗ್ ಬಿಡ್ ಮಾರಾಯ್ತಿ, ಕೆನ್ನಿಗಲ್ಲ,” ಎಂದಳು ಪಕ್ಕದ ಮನೆಯ ಪದ್ದು.

ಬಾಗಿ ಮತ್ತೊಮ್ಮೆ ನೀರು ಬಿಟ್ಟಳು. ಕೂತಳು. ಒಂದು ಗಳಿಗೆ ಕಳೆಯುವುದರೊಳಗೆ ಮತ್ತೆ ಎದ್ದಳು. ಅತ್ತೆ ಜಲಜ ಸೆರಗು ಹಿಡಿದು ಎಳೆದಳು.

“ಕೂಕಣ್. ಹೆಣ ಎತ್ತುಕ್ ಮುಂಚೆ ಹೆಂಡ್ತಿ ಏಳ್ತಾಳಾ? ಕಂಡವ್ರ್ ಎಂತ ಹೇಳ್ತ್ರ್?”

“ಅತ್ತೆ, ಕೊಟ್ಗಿಗ್ ಒಂದ್ ಸರ್ತಿ ಹೋಯಿ ಬತ್ತೆ.”

“ಆ ಕೊಟ್ಗಿ ಸುದ್ದಿ ತೆಗಿಬೇಡ! ನನ್ ಮಗನ್ ತಿಂದದ್ದೇ ಅದ್.”

ಬಾಗಿ ಕೂತಳು. ಕೂತರೇನು, ಎದೆಯೊಳಗೆ ಅವಲಕ್ಕಿ ಕುಟ್ಟಿದ ಹಾಗಾಗುತ್ತಿತ್ತು. ಬೆಳಿಗ್ಗೆ ಚೆನ್ನಯ್ಯನ ಮಂಜಿ ಹಡಗಿನ ಚುಕ್ಕಾಣಿಯ ಕಬ್ಬಿಣ ಬೆಸೆಯಲು ಹೋದ ಐತ, ಎದೆ ಹಿಡಿದುಕೊಂಡು ಕೊಟ್ಟಿಗೆಯ ನೆಲದಲ್ಲೇ ಕುಸಿದಿದ್ದ. ಕಬ್ಬಿಣ ತಂದಿದ್ದ ಆಳುಗಳು ಅವನನ್ನು ಎತ್ತಿಕೊಂಡು ಜಗಲಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಗಡಿಬಿಡಿಯಲ್ಲಿ ಕಾರ್ಬೈಡ್ ಕಲ್ಲಿನ ಡಬ್ಬಿಗೆ ಮುಚ್ಚಳ ಇತ್ತೋ ಇಲ್ಲವೋ, ಅದನ್ನು ಅವಳು ನೋಡಿರಲಿಲ್ಲ.

ಹಾಕಿರುತ್ತಾನೆ ಎಂದುಕೊಂಡಳು. ಅವನು ಮರೆಯುವವನಲ್ಲ. ಆದರೆ ಕಲ್ಲು ತುಂಬಲು ಹೋದ ಹೊತ್ತಿಗೇ ಎದೆ ಹಿಡಿದಿದ್ದರೆ? ಗಂಡ ಚಾಪೆಯ ಮೇಲೆ ತಣ್ಣಗೆ ಮಲಗಿರುವಾಗ ತಾನು ಒಂದು ಡಬ್ಬಿಯ ಮುಚ್ಚಳಕ್ಕೆ ಚಡಪಡಿಸುತ್ತಿದ್ದೇನಲ್ಲ ಎಂದು ಅವಳಿಗೆ ನಾಚಿಕೆಯಾಯಿತು, ಅಳುವೂ ಬಂತು. ಅಳು ಕಂಡ ಹೆಂಗಸರಿಗೆ ಸಮಾಧಾನವಾಯಿತು. ಅಷ್ಟು ಹೊತ್ತು ಇವಳು ಅಳುವುದಿಲ್ಲವಲ್ಲ ಎಂದು ಅವರು ಪಿಸುಗುಟ್ಟುತ್ತಿದ್ದರು.

ಆ ಕಲ್ಲಿಗೆ ನೀರು ತಾಗಿದರೆ ಗ್ಯಾಸು ಏಳುತ್ತದೆ. ಗ್ಯಾಸಿಗೆ ಕಿಡಿ ತಾಗಿದರೆ ಏನಾಗುತ್ತದೆ ಎಂದು ಕೇಳಿದವರಿಗೆಲ್ಲ ಐತನ ಉತ್ತರ ಒಂದೇ: “ನಾವ್ ಇಪ್ಪುದಿಲ್ಲೆ, ನಮ್ ಸುದ್ದಿ ಇರ್ತ್.” ಅದಕ್ಕೇ ಅವನ ಕೊಟ್ಟಿಗೆಗೆ ಬರುವವರು ಯಾರೇ ಆಗಲಿ, ಎಷ್ಟೇ ದೊಡ್ಡವರಾಗಲಿ, ಬೇಲಿಯ ಹತ್ತಿರವೇ ಅವನ ಕೂಗು ಕೇಳುತ್ತಿತ್ತು: “ಹ್ವಾಯ್, ಬೀಡಿ ಅಲ್ಲೇ ಬಿಸಾಕಿ ಬನ್ನಿ!” ಊರಿನವರು ಅವನ ಬೆನ್ನ ಹಿಂದೆ ಆಡಿಕೊಳ್ಳುವಾಗಲೂ ಇದೇ ಮಾತನ್ನು ರಾಗ ಎಳೆದು ಹೇಳುತ್ತಿದ್ದರು.

*

ಊರಿಗೆ ಒಂದು ದಾರಿಯಾದರೆ ಪೋರನಿಗೆ ಒಂದು ದಾರಿ. ಹಂಗಾರಕಟ್ಟೆಯ ಹುಡುಗರೆಲ್ಲ ಬಲೆ ಹಿಡಿದರೆ ಐತ ಬೊಂಬಾಯಿಯ ಗೋದಿ, ಅಂದರೆ ಹಡಗುಕಟ್ಟೆ, ಹಿಡಿದ. ಯುದ್ಧದ ಕಾಲ. ಪೆಟ್ಟು ತಿಂದ ಹಡಗುಗಳು ಸಾಲಾಗಿ ಬಂದು ನಿಲ್ಲುತ್ತಿದ್ದವು, ಕೆಲಸಕ್ಕೆ ಕೈಗಳು ಸಾಲುತ್ತಿರಲಿಲ್ಲ. ಕೊಂಕಣದ ಕಡೆಯ ಒಬ್ಬ ಮೇಸ್ತ್ರಿ ಇವನಿಂದ ಮೊದಲ ಮಳೆಗಾಲವಿಡೀ ಬರೇ ಸಿಲಿಂಡರು ಹೊರಿಸಿದ. ಆಮೇಲೆ ಒಂದು ದಿನ ಉರಿ ಉಗುಳುವ ಬೆಸುಗೆ ಕೊಳವೆ ಕೈಗಿತ್ತ. ಐತ ಬೆಸೆದ ಮೊದಲ ಜೋಡಣೆ ಕೋಳಿ ಕೆದರಿದ ತಿಪ್ಪೆಯ ಹಾಗಿತ್ತಂತೆ. ಮೇಸ್ತ್ರಿ ಅದನ್ನು ಸುತ್ತಿಗೆಯಿಂದ ಒಂದೇ ಏಟಿಗೆ ಮುರಿದು, ಉರಿಯನ್ನು ನೋಡಬೇಡ, ಕರಗುವ ಕಬ್ಬಿಣವನ್ನು ನೋಡು ಎಂದನಂತೆ. ಚಾಳಿನ ಕೋಣೆಯಲ್ಲಿ ಬಾಗಿ ರೊಟ್ಟಿ ತಟ್ಟುತ್ತಿದ್ದರೆ ಐತ ಅವಳ ಎದುರು ಕೂತು, ಖಾಲಿ ಕೈಯನ್ನೇ ಗಾಳಿಯಲ್ಲಿ ಸಣ್ಣ ಸಣ್ಣ ಸುತ್ತು ತಿರುಗಿಸುತ್ತ ಅಭ್ಯಾಸ ಮಾಡುತ್ತಿದ್ದ.

ಯುದ್ಧ ಮುಗಿಯಿತು, ಗೋದಿಯಲ್ಲಿ ಆಳುಗಳನ್ನು ಬಿಡಿಸತೊಡಗಿದರು. ಊರಲ್ಲೇ ಸ್ವಂತದ್ದು ಮಾಡುವುದೆಂದು ಐತ ಹೊರಟ. ಯಂತ್ರ ಕೊಳ್ಳಲು ಹೆಂಡತಿಯನ್ನೂ ಕರೆದುಕೊಂಡು ಹೋದ. ಅಂಗಡಿಯಲ್ಲಿ ಅವನ ಕಣ್ಣು ಬಿದ್ದದ್ದು ಕರೆಂಟಿನ ವೆಲ್ಡಿಂಗ್ ಯಂತ್ರದ ಮೇಲೆ. ಹಸಿರು ಬಣ್ಣ, ಹಿತ್ತಾಳೆಯ ಹಿಡಿ. ಅದರ ಮೈ ಸವರುತ್ತ ನಿಂತವನು ಅಲುಗಲೇ ಇಲ್ಲ.

“ಗ್ಯಾಸ್, ಕಲ್ಲ್ ಎಂತದೂ ಬೇಡ. ಸೊಯ್ಕ್ ಅಂದ್ರೆ ಮುಗಿತ್. ಕಾಣ್ ಬಾಗಿ, ಹ್ಯಾಂಗಿತ್ತ್!”

“ಚಂದ ಇತ್ತ್. ನಮ್ಮೂರಲ್ಲಿ ಅದ್ರ್ ವಯರ್ ಎಲ್ಲಿಗ್ ಸಿಕ್ಸ್ತ್ರಿ? ತೆಂಗಿನ್ ಮರಕ್ಕಾ?”

ಐತ ಪೆಚ್ಚಾದ. ಹಂಗಾರಕಟ್ಟೆಗೆ ಕರೆಂಟಿನ ಕಂಬ ಬಂದಿರಲಿಲ್ಲ. ಬರುವ ಸುದ್ದಿಯೂ ಇರಲಿಲ್ಲ. ಅಂಗಡಿಯ ಮೂಲೆಯಲ್ಲಿ ಮತ್ತೊಂದು ಇತ್ತು: ಎರಡು ಹಿಡಿಯ, ಡೊಳ್ಳು ಹೊಟ್ಟೆಯ ಡ್ರಮ್ಮು. ಒಳಗೆ ಕಲ್ಲು ಹಾಕಿ ನೀರು ಬಿಟ್ಟರೆ ಗ್ಯಾಸು ತಾನೇ ಹುಟ್ಟುತ್ತದೆ. ಜೊತೆಗೆ ಆಕ್ಸಿಜನ್ ಸಿಲಿಂಡರು ಒಂದಿದ್ದರೆ ಸಾಕು. ಚಂದವಂತೂ ಇಲ್ಲ. “ಇದ್ ಆತ್,” ಎಂದಳು ಬಾಗಿ. “ಇದಕ್ ನೀರ್ ಸಾಕಲ್ದಾ? ನೀರಿಗ್ ನಮ್ಮಲ್ಲಿ ಬರ ಇಲ್ಲೆ.” ಹಾಗೆ ಆ ಡ್ರಮ್ಮು ಮಂಜಿ ಹತ್ತಿ ಹಂಗಾರಕಟ್ಟೆಗೆ ಬಂತು.

ಜಲಜ ಮಾತ್ರ ಮೂರು ವರ್ಷವಾದರೂ ಕೊಟ್ಟಿಗೆಯ ಹೊಸಿಲು ತುಳಿಯಲಿಲ್ಲ. ನೀರಿನಲ್ಲಿ ಬದುಕುವವರಿಗೆ ಬೆಂಕಿಯೊಡನೆ ಎಂಥ ಸರಸ ಎಂಬುದು ಅವಳ ವಾದ. ಸಂಜೆಯಾದರೆ ಐತ ಡ್ರಮ್ಮಿನಲ್ಲಿ ಉಳಿದ ಗ್ಯಾಸನ್ನು ಹಾಗೇ ಇಡದೆ, ಅಂಗಳದ ತುದಿಗೆ ಒಯ್ದು, ಕೊಳವೆಯ ಬಾಯಿಗೆ ಬೆಂಕಿ ಮುಟ್ಟಿಸಿ ಉರಿಸಿ ಮುಗಿಸುತ್ತಿದ್ದ. ಆಕ್ಸಿಜನ್ ಸೇರಿಸದ ಆ ಉರಿ ಹಳದಿ, ಮೇಲೆ ಕಪ್ಪು ಮಸಿ. ಅದು ಕಂಡೊಡನೆ ಜಲಜ ಮುಖ ತಿರುಗಿಸುವಳು. ಬಾಗಿ ಗಂಜಿ ಬಡಿಸಲು ಏಳುವಳು.

*

ಹೊತ್ತು ಇಳಿಯುತ್ತಿದ್ದಂತೆ ಹೆಣ ಎತ್ತಿದರು. ಐತನಿಗೆ ಮಕ್ಕಳಿರಲಿಲ್ಲ, ತಮ್ಮ ಬಚ್ಚ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ಊರಿನ ಹಿರಿಯನಾದ ಚೆನ್ನಯ್ಯ ಬೇಲಿಯ ಹತ್ತಿರ ನಿಂತು ಹೆಂಗಸರಿಗೆ ಹೇಳಬೇಕಾದ್ದನ್ನು ಹೇಳಿದ.

“ಜೀವ ಹೋದ್ ಜಾಗದಲ್ ಇಪ್ಪು ನೀರೆಲ್ಲ ಚೆಲ್ಲಿ. ತೊಳ್ದ್, ಸಗಣಿ ಸಾರ್ಸಿ, ದೀಪ ಇಡಿ.”

“ಕೊಟ್ಗೆಲಿ ದೀಪ ಬೇಡ,” ಎಂದಳು ಬಾಗಿ. “ನೀರೂ ಚೆಲ್ಲುದ್ ಬೇಡ. ನಾ ಮೊದ್ಲ್ ಒಳ್ಗ್ ಕಂಡ್ ಬತ್ತೆ.”

ಚೆನ್ನಯ್ಯ ಅವಳನ್ನು ಮರುಕದಿಂದ ನೋಡಿದ. “ದೀಪ ಇಡ್ದಿರೆ ಜೀವ ಕತ್ಲೆಲಿ ತಡ್ಕಾಡ್ತ್ ಮಗಾ. ಪದ್ದು, ಇವ್ಳನ್ ಬಾವಿ ಹತ್ರ ಕರ್ಕಂಡ್ ಹೋಗಿ ಮೀಯ್ಸಿ. ತಲೆ ಬಿಸಿ ಆಯಿತ್ತ್ ಇವ್ಳಿಗೆ.”

ಗಂಡಸರು ಮರಳಿನ ದಾರಿ ಹಿಡಿದರು. ಹೆಂಗಸರು ಬಾಗಿಯನ್ನು ಬಾವಿಕಟ್ಟೆಗೆ ಕರೆದೊಯ್ದು ತಲೆಯ ಮೇಲೆ ಕೊಡದ ಮೇಲೆ ಕೊಡ ಸುರಿದರು. ಮೈಮೇಲಿನ ನೀರು ಇಳಿಯುವುದರೊಳಗೆ ಪದ್ದು ಅಲ್ಲಿಂದ ಹೋಗಿಯಾಗಿತ್ತು. ಕಣ್ಣು ಒರೆಸಿಕೊಂಡ ಬಾಗಿಯ ಮೂಗಿಗೆ ವಾಸನೆ ಬಡಿಯಿತು. ಕೊಳೆತ ಬೆಳ್ಳುಳ್ಳಿಯಂಥ, ಆ ಗ್ಯಾಸಿನದೇ ವಾಸನೆ.

ಒದ್ದೆ ಸೀರೆ ಕಾಲಿಗೆ ತೊಡರುತ್ತಿದ್ದರೂ ಅವಳು ಓಡಿದಳು. ಪದ್ದು ಕೊಟ್ಟಿಗೆಯೊಳಗಿನ ನೀರು ಚೆಲ್ಲಿ, ಖಾಲಿ ಹಂಡೆ ಹಿಡಿದು ಹೊರಗೆ ಬರುತ್ತಿದ್ದಳು. ಈಚೆಯಿಂದ ಜಲಜ ಉರಿಯುವ ದೀಪವನ್ನು ಅಂಗೈ ಮರೆಯಲ್ಲಿ ಹಿಡಿದು, ಮೂರು ವರ್ಷ ತುಳಿಯದ ಹೊಸಿಲಿನ ಕಡೆಗೆ ಒಂದೊಂದೇ ಹೆಜ್ಜೆ ಇಡುತ್ತಿದ್ದಳು.

“ಅತ್ತೆ, ನಿಲ್ಲಿ!”

ಜಲಜ ನಿಲ್ಲಲಿಲ್ಲ. “ನನ್ ಮಗ ಕತ್ಲೆಲಿ ಇದ್ದ ಬಾಗಿ. ಅಡ್ಡ ಬರ್ಬೇಡ.”

ಬಾಗಿ ಎದುರಿಗೆ ಹಾರಿ, ಬಗ್ಗಿ, ಆ ದೀಪವನ್ನು ಬಾಯಿಂದ ಊದಿ ಆರಿಸಿದಳು.

ಸತ್ತವನ ದೀಪವನ್ನು ಹೆಂಡತಿಯೇ ಊದಿದ್ದನ್ನು ಆ ಊರು ಕಂಡಿರಲಿಲ್ಲ, ಕೇಳಿರಲಿಲ್ಲ. ಜಲಜಳ ಕೈ ಎದ್ದಿತು. ಸೊಸೆಯ ಕೆನ್ನೆಗೆ ಬಿತ್ತು. ಬಾಗಿ ಕೆನ್ನೆ ಮುಟ್ಟಿಕೊಳ್ಳಲೂ ನಿಲ್ಲದೆ ಒಳಗೆ ನುಗ್ಗಿದಳು.

ಮುಚ್ಚಳ ನೆಲದ ಮೇಲೆ ಬಿದ್ದಿತ್ತು. ಡಬ್ಬಿಯೊಳಗೆ ನೀರು ಸಿಡಿದು ಕಲ್ಲು ಬುಸುಗುಟ್ಟುತ್ತ ಬಿಳಿ ನೊರೆ ಕಾರುತ್ತಿತ್ತು. ಉಸಿರು ಬಿಗಿಹಿಡಿದು ಅವಳು ಅದನ್ನು ಎಳೆದು ತಂದು, ದೂರದ ಒಣ ಮರಳಿನ ಮೇಲೆ ಕವುಚಿ ಹಾಕಿದಳು. ಡಬ್ಬಿ ಕೆಂಡದಂತೆ ಕಾದು ಅಂಗೈ ಸುಟ್ಟಿತ್ತು. ವಾಪಸು ಬಂದು ಕೊಟ್ಟಿಗೆಯ ಹಿಂದಿನ ತಟ್ಟಿಯನ್ನು ಕಿತ್ತೆಸೆದಳು. ಕಡಲಿನ ಗಾಳಿ ಒಳಗೆ ಹೊಕ್ಕು ಆಚೆ ಹೊರಟಿತು.

“ಎಂತ ಬಾಗಿ ಇದ್? ಕಲ್ಲ್ ಕುದಿತಿತ್ತಲ್ಲ!” ಎಂದಳು ಪದ್ದು.

ಬಾಗಿ ನೊರೆಯಾಡುವ ಒಂದು ಚೂರನ್ನು ತೆಂಗಿನ ಚಿಪ್ಪಿನ ನೀರಿಗೆ ಹಾಕಿ, ಬೇಲಿಯಾಚೆ ಗದ್ದೆಯ ನಡುವೆ ಇಟ್ಟಳು. ಉರಿಯುವ ಒಂದು ಮಡಲನ್ನು ತರಿಸಿ, ದೂರದಿಂದಲೇ ಅದರ ತುದಿ ಚಾಚಿದಳು. ಭುಸ್ಸೆಂದು ನೀರಿನ ಮೇಲೆಯೇ ಬೆಂಕಿ ಎದ್ದಿತು. ಪದ್ದು ಕಿರುಚಿ ಹಿಂದಕ್ಕೆ ಜಿಗಿದಳು.

“ಇದ್ ಒಂದ್ ಚೂರ್. ಕೊಟ್ಗೆ ತುಂಬ ಇದೇ ಗ್ಯಾಸ್ ಇದ್ದಿತ್ತ್,” ಎಂದಳು ಬಾಗಿ. “ಅತ್ತೆ ದೀಪ ಹಿಡ್ಕಂಡ್ ಹೊಸಿಲ್ ದಾಟಿದ್ರೆ…” ಮುಂದೆ ಹೇಳಲಾಗದೆ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಬೆಳಗಿನಿಂದ ತಡೆದಿಟ್ಟ ಅಳುವನ್ನೆಲ್ಲ ಒಟ್ಟಿಗೆ ಅತ್ತಳು.

ಜಲಜ ಚಿಪ್ಪಿನ ಉರಿ ಆರುವವರೆಗೂ ನೋಡುತ್ತ ನಿಂತಳು. ಆಮೇಲೆ ಸೊಸೆಯ ಪಕ್ಕ ಬಂದು ಕೂತು, ಸುಟ್ಟ ಅಂಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

“ಹಾಂಗಾರೆ ಅವ್ನಿಗೆ ದೀಪ ಇಲ್ಯಾ ಬಾಗಿ?” ದನಿ ಸಣ್ಣದಾಗಿತ್ತು. “ಒಬ್ನೇ ಹೋಪದಲ್ದಾ ಅವ.”

ಬಾಗಿ ಮೂಗು ಒರೆಸಿಕೊಂಡು ಕೊಟ್ಟಿಗೆಯತ್ತ ನೋಡಿದಳು. ಡ್ರಮ್ಮು ತನ್ನ ಮೂಲೆಯಲ್ಲಿ ಹೊಟ್ಟೆ ಉಬ್ಬಿಸಿ ಕೂತಿತ್ತು. ಬೆಳಿಗ್ಗೆ ಐತ ಎಬ್ಬಿಸಿದ ಗ್ಯಾಸು ಅದರೊಳಗೆ ಇನ್ನೂ ಇತ್ತು. ಅದನ್ನು ರಾತ್ರಿಗೆ ಹಾಗೇ ಬಿಡುವಂತಿರಲಿಲ್ಲ.

“ದಿನಾ ಅವ್ರ್ ಹಚ್ಚುದ್ ಒಂದ್ ಇತ್ತಲ್ಲ ಅತ್ತೆ. ಒಂದ್ ಬದಿ ಹಿಡ್ಕಣಿ, ಹೊರ್ಗ್ ತಪ್ಪ.”

ವಾಸನೆ ಪೂರ್ತಿ ಹೋಗುವವರೆಗೂ ಕಾದರು. ಆಮೇಲೆ ಜಲಜ ಸೀರೆ ಎತ್ತಿ ಸಿಕ್ಕಿಸಿ, ಮೊದಲ ಬಾರಿಗೆ ಆ ಹೊಸಿಲು ದಾಟಿ, ಡ್ರಮ್ಮಿನ ಇನ್ನೊಂದು ಹಿಡಿಗೆ ಕೈ ಹಾಕಿದಳು. ಇಬ್ಬರೂ ಏದುಸಿರು ಬಿಡುತ್ತ ಅದನ್ನು ಅಂಗಳದ ತುದಿಗೆ ತಂದಿಟ್ಟರು. ಜಲಜಳೇ ಮನೆಯೊಳಗಿನಿಂದ ದೀಪ ಹಚ್ಚಿ ತಂದಳು. ಬಾಗಿ ಗಂಡ ಮಾಡುತ್ತಿದ್ದಂತೆಯೇ ಮೊದಲ ಗ್ಯಾಸನ್ನು ಗಾಳಿಗೆ ಬಿಟ್ಟು, ಕೊಳವೆಯ ಬಾಯನ್ನು ದೀಪಕ್ಕೆ ಚಾಚಿದಳು. ಹಳದಿ ಉರಿ ಮೊಳದುದ್ದ ಎದ್ದು, ಗಾಳಿಗೆ ವಾಲಿ, ಮಸಿ ಬಿಡತೊಡಗಿತು.

ಸುಡುಗಾಡಿನಿಂದ ಗಂಡಸರು ಮರಳುವಾಗ ಬೆಳಕು ಮಾಸುತ್ತಿತ್ತು. ಎಂದಿನ ಜಾಗದಲ್ಲಿ ಎಂದಿನ ಉರಿಯನ್ನು ಕಂಡು ಮುಂದಿದ್ದ ಬಚ್ಚನ ಕಾಲು ಅಲ್ಲೇ ನಿಂತಿತು. ಹಿಂದೆ ಬರುತ್ತಿದ್ದ ಚೆನ್ನಯ್ಯ ಬಾಯಲ್ಲಿದ್ದ ಬೀಡಿಯನ್ನು ಸೇದುವುದನ್ನೇ ಮರೆತು ಬೇಲಿಯ ತಡಮೆ ದಾಟಲು ಕಾಲೆತ್ತಿದ. ಗಾಳಿಗೆ ಬೆನ್ನು ಕೊಟ್ಟು, ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಉರಿಗೆ ಮರೆ ಹಿಡಿದಿದ್ದ ಜಲಜ ತಲೆಯನ್ನಷ್ಟೇ ಆಚೆ ತಿರುಗಿಸಿದಳು.

“ಹ್ವಾಯ್, ಬೀಡಿ ಅಲ್ಲೇ ಬಿಸಾಕಿ ಬನ್ನಿ!”