ರೊಪ್ಪದ ಮಣ್ಣು

ಹತ್ತಿಗೆ ಹೊಡೆಯಲು ತಂದಿಟ್ಟಿದ್ದ ಎಂಡ್ರಿನ್ ಕೀಟನಾಶಕದ ಡಬ್ಬ ಕುರಿರೊಪ್ಪದ ಮೂಲೆಯಲ್ಲಿ ಉರುಳಿ ಚೆಲ್ಲಿ, ಆ ಮಣ್ಣು ನೆಕ್ಕಿದ ಎರಡು ಕುರಿ ಸತ್ತಿದ್ದವು. ಉಳಿದ ಕುರಿಗಳನ್ನೂ ಹನ್ನೊಂದು ಮರಿಗಳನ್ನೂ ಓಬಯ್ಯ ಪಕ್ಕದ ಮುದ್ದಣ್ಣನ ರೊಪ್ಪಕ್ಕೆ ಹೊಡೆದಿದ್ದ.

ಬೆಳಿಗ್ಗೆ ಮದಕರಿಪುರಕ್ಕೆ ಬಂದಿದ್ದ ಗ್ರಾಮಸೇವಕ ಗಂಗಾಧರಪ್ಪ ದೂರದಲ್ಲೇ ನಿಂತು ಹೇಳಿದ್ದರು: "ನೀರು ಹಾಕಬ್ಯಾಡ್ರಿ, ವಿಷ ಇಳಿದು ಬಾವಿಗೆ ಹೋಗ್ತೈತೆ. ಗೇಣುದ್ದ ಮಣ್ಣು ತೆಗೆದು ದೂರ ಹೂಳ್ರಿ. ದಾರ‍್ಯಾಗೆ ಒಂದು ಹೆಂಟೆ ಬೀಳಬಾರ್ದು, ನೋಡ್ರಿ."

ನೀರಿಲ್ಲದೆ ಶುದ್ಧವಾಗುವುದು ಹೇಗೆಂದು ಓಬಯ್ಯನಿಗೆ ತಿಳಿಯಲಿಲ್ಲ. ಆದರೂ ಅಗೆದ. ಬುಟ್ಟಿಯ ಸಂದಿನಲ್ಲಿ ಮಣ್ಣು ಉದುರುತ್ತಿತ್ತು. ಹೆಗಲ ಮೇಲಿನ ಕಂಬಳಿ ಹಾಸಿ, ಮಣ್ಣು ಸುರಿದು, ನಾಲ್ಕು ತುದಿ ಗಂಟು ಕಟ್ಟಿ ಹೊತ್ತ. ಹೊತ್ತು ಇಳಿಯುವವರೆಗೂ ಗುಡ್ಡದ ಓರೆಯ ಗುಂಡಿಗೆ ತಿರುಗಿದ. ದಾರಿಯಲ್ಲಿ ಒಂದು ಹರಳೂ ಬೀಳಲಿಲ್ಲ. ಕೊನೆಗೆ ಕಂಬಳಿ ಕೊಡವಿ, ಎಂದಿನಂತೆ ಹೆಗಲಿಗೆ ಹಾಕಿಕೊಂಡು ಮರಿ ತರಲು ಹೊರಟ.

ದಾರಿಯಲ್ಲಿ ಮನೆ ಮುಂದೆ ಹಾಯುವಾಗ ಹೆಂಡತಿ ಚಿತ್ತಮ್ಮ ಬಾಗಿಲಲ್ಲೇ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಏನ್ ವಾಸ್ನೆ ಇದು! ರೊಪ್ಪನೇ ಹೊತ್ಕಂಡು ಬಂದಂಗೈತೆ."

"ಮಣ್ಣೆಲ್ಲ ಹೂತೆ ಕಣೇ."

"ಮತ್ತಿದು?" ಅವಳು ಕಂಬಳಿ ತೋರಿಸಿದಳು.

ಓಬಯ್ಯ ನಿಂತುಬಿಟ್ಟ. ಅವರ ಮದುವೆಯಲ್ಲಿ ಗದ್ದುಗೆ ಹಾಸಿದ ಕಂಬಳಿ ಅದು. ಮರಿಗಳು ಅವನ ಗುರುತು ಹಿಡಿಯುವುದೂ ಅದರಿಂದಲೇ. ಅಂಚು ಚೀಪುತ್ತಲೇ ಬೆನ್ನು ಹತ್ತಿ ಬರುತ್ತವೆ. ಅಂಚು ಚೀಪುತ್ತಲೇ.

ಅವನು ಗುಂಡಿಗೆ ಹಿಂತಿರುಗಿ ಕಂಬಳಿಯನ್ನೂ ಹೂತ. ಮೇಲೆ ಕಲ್ಲು ಪೇರಿಸಿದ. ಆಮೇಲೆ ಕೈಯಲ್ಲಿದ್ದ ಗುದ್ದಲಿ ಕಣ್ಣಿಗೆ ಬಿತ್ತು. ಅದನ್ನು ಅಲ್ಲೇ ಬಿಟ್ಟ. ಅಂಗಾಲು? ಇಷ್ಟು ಸಲ ತುಳಿದ ದಾರಿ? ಎಲ್ಲಿಗೆ ನಿಲ್ಲಿಸಬೇಕೆಂದು ಗಂಗಾಧರಪ್ಪ ಹೇಳಿರಲಿಲ್ಲ. ಇವನು ಕೇಳಿರಲೂ ಇಲ್ಲ.

ತನ್ನ ರೊಪ್ಪದ ಬಳಿ ಬಂದ ಅವನನ್ನು ಕಂಡು ಮುದ್ದಣ್ಣ ನಕ್ಕ. "ಏನಪ್ಪ, ಬೋಳು ಹೆಗಲಾಗೆ ಬಂದೀಯ? ನಿನ್ ಮರಿಗೂ ಗುರ್ತು ಸಿಗಾಕಿಲ್ಲ."

ನಿಜವೇ. ಮರಿಗಳು ದೂರದಿಂದಲೇ ನೋಡಿದವು. ಓಬಯ್ಯ ಲೊಚಗುಟ್ಟಿ ಕರೆದ. ದನಿ ಹಿಡಿದು ಕಂದು ಮರಿಯೊಂದು ಓಡಿಬಂದು ಅವನ ಬೆರಳಿಗೆ ಬಾಯಿ ಚಾಚಿತು. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹಿಂದೆ ಸರಿದ. ಮರಿ ಮುಂದೆ ಬಂತು. ಅವನು ಮತ್ತೂ ಸರಿದ.

"ಇವು ಇನ್ನೆರಡು ದಿನ ಇಲ್ಲೇ ಇರ್ಲಿ, ಮುದ್ದಣ್ಣ."

"ಇರ್ಲಿ ಬಿಡು. ಯಾಕೆ, ರೊಪ್ಪ ಇನ್ನೂ ಚೊಕ್ಕ ಆಗ್ಲಿಲ್ವಾ?"

"ರೊಪ್ಪ ಆಗೈತೆ," ಎಂದ ಓಬಯ್ಯ. ಕೈಗಳು ಬೆನ್ನ ಹಿಂದೆಯೇ ಇದ್ದವು.