ಇಲ್ಲ ಎಂದು ಬರೆದವಳು

ನಸೀಮಾಬಿ ಒದ್ದೆ ಬಟ್ಟೆಯಿಂದ ರೋಹಿಣಿಯ ತುಟಿಯಂಚಿನ ರಕ್ತ ಒರೆಸುತ್ತಿದ್ದಾಗ ಕಸ್ತೂರೆವ್ವ ಆಕೆಯ ಮೊಣಕೈ ಹಿಡಿದಳು.

"ನನ್ನ ಮಗಳು ನಾಲಿಗಿ ಕಡಕೊಂಡಾಳೇನವಾ?"

"ಹೌದ್ರಿ ಅವ್ವಾರ."

ಕುಂದಗೋಳದ ಆಸ್ಪತ್ರೆಯಲ್ಲಿ ನಸೀಮಾಬಿ ನರ್ಸು, ರೋಹಿಣಿ ಡಾಕ್ಟರು. ಬೆಳಿಗ್ಗೆ ಡ್ಯೂಟಿ ಕೋಣೆಯ ಬಾಗಿಲು ಒಡೆಸಿದವಳೂ, ದೇಹವನ್ನು ಯರಗುಪ್ಪಿಯ ಮನೆಗೆ ತಂದವಳೂ ನಸೀಮಾಬಿಯೇ.

"ಒಳಗಿಂದ ಚಿಲಕ ಹಾಕ್ಕೊಂಡಿದ್ರು. ಗುಳಿಗಿ ತಗೊಳ್ಳೂದು ಯಾರೂ ನೋಡಬಾರದಂತ ದಿನಾ ಹಾಕ್ಕೋತಿದ್ರು."

"ನಿನಗ ಗೊತ್ತಿತ್ತು?"

"ನನಗೊಬ್ಬಾಕಿಗೆ."

ದೇಹವನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿದರು. ಯರಗುಪ್ಪಿಗೆ ಬಂದಾಗಲೆಲ್ಲ ರೋಹಿಣಿ ಇದೇ ಪಡಸಾಲೆಯಲ್ಲಿ ಓಣಿಯ ಹೆಂಗಸರ ಬಿಪಿ ನೋಡುತ್ತಿದ್ದಳು. ಈಗ ಅವರೇ ಸೆರಗು ಬಾಯಿಗೆ ಹಿಡಿದು ಪಿಸುಗುಟ್ಟುತ್ತಿದ್ದರು.

"ಫಿಟ್ಸ್ ಇತ್ತಂತ. ಅದಕ್ಕ ಮೂವತ್ತಮೂರಾದ್ರೂ ಲಗ್ನ ಆಗಿರಲಿಲ್ಲ ನೋಡ."

*

ಓದು ಮುಗಿದ ವರ್ಷ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯೊಂದಕ್ಕೆ ಅರ್ಜಿ ತುಂಬುವಾಗ ರೋಹಿಣಿಯ ಪೆನ್ನು ಒಂದು ಪ್ರಶ್ನೆಯ ಮುಂದೆ ನಿಂತಿತ್ತು. ಹಳೆಯ ಕಾಯಿಲೆ ಏನಾದರೂ ಇದೆಯೆ? ಹದಿನೇಳನೆಯ ವಯಸ್ಸಿನಿಂದ ಫಿಟ್ಸ್ ಇತ್ತು. ಗುಳಿಗೆ ತಪ್ಪಿಸದೆ, ನಿದ್ದೆ ಕೆಡದೆ ಇದ್ದರೆ ಬರುತ್ತಿರಲಿಲ್ಲ.

"ಇಲ್ಲಂತ ಬರದು ಬಿಡವಾ," ಎಂದಳು ಕಸ್ತೂರೆವ್ವ.

ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾಗಿದ್ದ ತಂದೆ ಮಡಿವಾಳೆಪ್ಪ ಪೇಪರು ಮಡಚಿಟ್ಟ. "ಡಾಕ್ಟರೇ ಸುಳ್ಳ ಬರದ್ರ ಪೇಶಂಟು ಖರೇ ಹೇಳ್ತಾರೇನು? ಇದ್ದದ್ದ ಬರಿ. ಓದಿದ ಮಂದಿ ಅದಾರ, ತಿಳಕೋತಾರ."

ಬರೆದಳು. ಕೆಲಸಕ್ಕೆ ಅಡ್ಡಿಯಿಲ್ಲವೆಂದು ತನ್ನ ಡಾಕ್ಟರು ಕೊಟ್ಟ ಚೀಟಿಯನ್ನೂ ಜೋಡಿಸಿದಳು. ಕೆಲಸ ಸಿಗಲಿಲ್ಲ. ಹತ್ತೇ ದಿನದಲ್ಲಿ ಆ ಹಾಳೆಯ ಫೋಟೊ ಡಾಕ್ಟರರ ವಾಟ್ಸಾಪ್ ಗುಂಪಿನಲ್ಲಿ ತಿರುಗಿತು. ಮುಂದೆ ಹೋದ ಮೂರು ಆಸ್ಪತ್ರೆಗಳಲ್ಲಿ ಅವಳು ಕುರ್ಚಿಯಲ್ಲಿ ಕೂರುವ ಮೊದಲೇ ಅವರಿಗೆ ಗೊತ್ತಿತ್ತು.

ಕೊನೆಗೆ, ಸುದ್ದಿ ಮುಟ್ಟದ ಕುಂದಗೋಳದ ಸಣ್ಣ ಆಸ್ಪತ್ರೆಯಲ್ಲಿ, ತಂದೆಗೆ ಹೇಳದೆ, "ಇಲ್ಲ" ಎಂದು ಬರೆದಳು. ಹಾಗೆ ಬರೆದ ಮೇಲೆ ರಾತ್ರಿ ಪಾಳಿ ಬೇಡ ಎನ್ನಲು ಕಾರಣವೇ ಉಳಿಯಲಿಲ್ಲ. ಈ ವಾರ ಸತತ ಐದು ರಾತ್ರಿ ಅವಳದೇ ಪಾಳಿಯಾಗಿತ್ತು.

*

ಮಧ್ಯಾಹ್ನ ಆಸ್ಪತ್ರೆಯ ಮಾಲಕ ಡಾಕ್ಟರ್ ಸಂಗನಬಸವ ಬಂದರು. ಮಾಲೆ ಹಾಕಿ, ಕೈಮುಗಿದು, ಮಡಿವಾಳೆಪ್ಪನನ್ನು ಪಕ್ಕಕ್ಕೆ ಕರೆದರು.

"ಈ ಹೊತ್ತಿನ್ಯಾಗ ಕೇಳಬಾರದ್ರಿ ಮಾಸ್ತರ. ಫಾರ್ಮಿನ್ಯಾಗ ನಿಮ್ಮ ಮಗಳು ಜಡ್ಡಿಲ್ಲ ಅಂತ ಬರದಾಳ. ಮೊದಲಿಂದ ಇತ್ತು, ಮುಚ್ಚಿಟ್ಟಿದ್ಲು ಅಂತ ಎರಡು ಸಾಲು ಬರಕೊಡ್ರಿ. ನಾಳೆ ಯಾರರೆ ನಮ್ಮನ್ನ ಕೇಳ್ತಾರ."

ಮಡಿವಾಳೆಪ್ಪ ಮಗಳ ಕಡೆ ನೋಡಿದ.

"ನನ್ನ ಮಗಳಿಗೆ ಏನೂ ಜಡ್ಡಿರಲಿಲ್ಲರಿ."

"ಮಾಸ್ತರ, ನೀವೂ ಹಿಂಗಂದ್ರ ಹೆಂಗ?"

"ಏನೂ ಇರಲಿಲ್ಲರಿ."

ಸಂಗನಬಸವ ಅಂಗಳಕ್ಕಿಳಿದು ಫೋನು ಹಚ್ಚಿದರು. ನೀರಿನ ಕೊಡ ಹೊತ್ತು ಬರುತ್ತಿದ್ದ ನಸೀಮಾಬಿಗೆ ಮಾತು ಕೇಳಿಸಿತು. "ಅವರಪ್ಪ ಒಪ್ಪಾಕತ್ತಿಲ್ಲ. ಆಕಿದು ಯಾವುದೋ ಹಳೇ ಫಾರ್ಮಿನ ಫೋಟೊ ಗುಂಪಿನ್ಯಾಗ ಐತಂತ. ಹುಡುಕಿ ಕಳಸು."

ಅವರು ಅಂಗಳದಲ್ಲಿ ನಿಂತಿದ್ದಾಗಲೇ ಆ ಫೋಟೊ ಬಂದು ಅವರ ಫೋನು ಟಿಂಗ್ ಎಂದಿತು.

ಸಂಜೆ ಹೊಲದ ಕುಣಿಯಲ್ಲಿ ರೋಹಿಣಿಯನ್ನು ಕೂರಿಸಿ ಎಲ್ಲರೂ ಮಣ್ಣು ಕೊಟ್ಟರು. ಮಡಿವಾಳೆಪ್ಪನೂ ಒಂದು ಮುಷ್ಟಿ ಎರೆಮಣ್ಣು ಎತ್ತಿಕೊಂಡು ಕುಣಿಯ ಅಂಚಿನಲ್ಲಿ ನಿಂತ. ನಿಂತೇ ಇದ್ದ.

"ಬಿಡ್ರಿ ಮಾಸ್ತರ," ಎಂದರು ಕ್ರಿಯೆ ನಡೆಸುತ್ತಿದ್ದ ಅಯ್ಯನವರು.

ಮುಷ್ಟಿ ಬಿಚ್ಚಲಿಲ್ಲ. ಹೆಂಗಸರ ನಡುವಿನಿಂದ ಕಸ್ತೂರೆವ್ವ ಎದ್ದು ಬಂದಳು. ಗಂಡನ ಮುಖ ನೋಡದೆ ಅವನ ಕೈ ಹಿಡಿದು, ಫಿಟ್ಸ್ ಬಂದಾಗಲೆಲ್ಲ ಮಗಳ ಬೆರಳು ಬಿಡಿಸುತ್ತಿದ್ದ ಹಾಗೆ, ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬಿಡಿಸತೊಡಗಿದಳು.