ಬೆಕ್ಕಿಗೆ ಕೊಟ್ಟ ಮಾತ್ರೆ

"ಮನೇಲಿ ಮಾತ್ರೆ ಗೀತ್ರೆ ಏನಾದ್ರೂ ಕೊಟ್ಟಿದ್ರಾ?" ಬೆಕ್ಕಿನ ಉಬ್ಬಿದ ಹೊಟ್ಟೆಯನ್ನು ಮೆಲ್ಲಗೆ ಒತ್ತುತ್ತ ಡಾಕ್ಟರಮ್ಮ ಕೇಳಿದರು.

"ಇಲ್ಲ," ಎಂದುಬಿಟ್ಟಳು ಬಟ್ಟೆ ಹೊಲಿಯುವವಳು. ಕಾಲೇಜಿಗೆ ಹೋಗುವ ಮಗಳು ಪಕ್ಕದಲ್ಲೇ ನಿಂತಿದ್ದಳಲ್ಲ, ಬೇರೇನು ಹೇಳಲು ಬಾಯಿ ಬಂದೀತು?

ಕೊಟ್ಟಿದ್ದಳು. ಬೆದೆಗೆ ಬಂದಾಗಲೆಲ್ಲ ಆ ಪುಣ್ಯಾತ್ಗಿತ್ತಿ ಬೆಕ್ಕು ಕೂಗಿ ಕೂಗಿ ಮನೆ ಕಿತ್ತು ಹಾಕುತ್ತಿತ್ತು. ಅಳತೆ ಕೊಡಲು ಬಂದ ಹೆಂಗಸರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಆಪರೇಷನ್ ಮಾಡಿಸೋಣ ಎಂದು ಮಗಳು ಗೋಗರೆದರೆ, "ಬಾಯಿಲ್ಲದ ಜೀವಾನ ಕೊಯ್ಸೋದಾ? ಸುಮ್ನಿರು," ಎಂದು ಗದರಿಸಿದ್ದಳು. ಪ್ರಯಾಣ ಹೊರಡುವಾಗ ಮುಟ್ಟು ಮುಂದೂಡಲು ತಾನು ನುಂಗುವ ಮಾತ್ರೆಯನ್ನೇ ಅರ್ಧ ಮಾಡಿ, ಅರೆದು, ಮೀನಿನ ತುಂಡಿಗೆ ಸವರಿ, ಮಗಳಿಗೆ ತಿಳಿಯದಂತೆ ತಿನ್ನಿಸಿದ್ದಳು. ಹೆಂಗಸಿಗೆ ಆಗುವುದು ಹೆಣ್ಣು ಬೆಕ್ಕಿಗೆ ಆಗದೇ? ಕೂಗು ನಿಂತಿತು. ಐದು ತಿಂಗಳು ಹಾಗೇ ನಡೆಯಿತು. ಐದು ವಾರದ ಹಿಂದೆ ಬೆಕ್ಕು ಕಿಟಕಿಯಿಂದ ಹಾರಿ ಹೋಗಿ ಸಂಜೆಗೆ ಮರಳಿತ್ತು. ಆಮೇಲೆ ಹೊಟ್ಟೆ ಬೆಳೆದಾಗ ಮಗಳು ಮರಿಗಳ ಕನಸು ಕಾಣತೊಡಗಿದ್ದಳು. ನಿನ್ನೆಯಿಂದ ಬೆಕ್ಕು ಅನ್ನ ಮುಟ್ಟಿಲ್ಲ, ಬರೀ ನೀರು ಕುಡಿಯುತ್ತಿದೆ.

"ಹಾಗಾದ್ರೆ ಮರಿ ಇದ್ರೂ ಇರಬಹುದು. ಸ್ಕ್ಯಾನ್ ಮಾಡೋರು ನಾಳೆ ಬರ್ತಾರೆ, ಕರ್ಕೊಂಡು ಬನ್ನಿ," ಎಂದರು ಡಾಕ್ಟರಮ್ಮ.

ಮೆಟ್ಟಿಲು ಇಳಿಯುವಾಗ ಬೆಕ್ಕಿನ ಬುಟ್ಟಿಯಿಂದ ಕೆಟ್ಟ ವಾಸನೆ ಬಂತು. ಹಾಸಿದ್ದ ಬಟ್ಟೆಯ ಮೇಲೆ ಹಳದಿ ಕಲೆ, ನಡುವೆ ರಕ್ತ.

"ಅಮ್ಮಾ, ಇದೇನಮ್ಮ?"

ತಾಯಿ ಬಗ್ಗಿ ಬಟ್ಟೆ ನೋಡಿದಳು. ತಾನೇ ಇದನ್ನು ಕೊಂದೆನೇ? ಹೇಳಿದರೆ ಮಗಳು ಮತ್ತೆ ತನ್ನ ಮುಖ ನೋಡುವಳೇ? ಹೇಳದಿದ್ದರೆ ನಾಳೆಯವರೆಗೆ ಈ ಜೀವ ಉಳಿದೀತೇ? ಬುಟ್ಟಿ ಕಸಿದುಕೊಂಡವಳೇ ಮೆಟ್ಟಿಲು ಹತ್ತಿದಳು.

"ಸುಳ್ಳು ಹೇಳ್ದೆ ಡಾಕ್ಟ್ರೇ. ಕೊಟ್ಟಿದ್ದೆ. ನಾನು ತಗೊಳ್ಳೋ ಮಾತ್ರೇನೇ, ಐದು ತಿಂಗಳಿಂದ."

ಡಾಕ್ಟರಮ್ಮ ಬಟ್ಟೆಯ ಕಲೆ ನೋಡಿ ಕೈಗವಸು ತೊಟ್ಟರು. "ಇದು ಮರಿ ಅಲ್ಲಮ್ಮ. ಆ ಮಾತ್ರೆಯಿಂದ ಗರ್ಭಕೋಶದಲ್ಲಿ ಕೀವು ಕಟ್ಟಿದೆ. ಈಗ್ಲೇ ಆಪರೇಷನ್ ಮಾಡ್ಬೇಕು."

"ಉಳಿಯುತ್ತಾ?" ತಾಯಿ ಕೇಳಿದಳು.

"ನೋಡೋಣ. ಈಗಲಾದ್ರೂ ಹೇಳಿದ್ರಲ್ಲ."

ಬೆಕ್ಕನ್ನು ಒಳಗೆ ಒಯ್ದರು. ನರ್ಸ್ ಒಪ್ಪಿಗೆಯ ಕಾಗದ ತಂದು, "ಬೆಕ್ಕನ್ನ ಯಾರ ಹೆಸರಲ್ಲಿ ಬರ್ಕೊಳ್ಳಲಿ?" ಎಂದಳು.

ತಾಯಿ ಬಾಯಿ ತೆರೆಯುವ ಮೊದಲೇ, "ನನ್ನ ಹೆಸರಲ್ಲಿ," ಎಂದು ಮಗಳು ಸಹಿ ಹಾಕಿದಳು. ಆಮೇಲೆ ಬೆಂಚಿನ ತುದಿಯಲ್ಲಿ ಕುಳಿತು, ಖಾಲಿ ಬುಟ್ಟಿಯನ್ನು ಇಬ್ಬರ ನಡುವೆ ಇಟ್ಟುಕೊಂಡಳು.